ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ: ಒಳರೋಗಿಗಳ ತಪಾಸಣೆಯನ್ನು ಹಂತ ಹಂತವಾಗಿ ನಡೆಸುವುದು ಹೇಗೆ

ಆಸ್ಪತ್ರೆಯೊಳಗೆ ಔಷಧ ನಿರೋಧಕ ಬ್ಯಾಕ್ಟೀರಿಯಾ ಹರಡುವುದು ಬಹುಮಟ್ಟಿಗೆ ನಮ್ಮ ಗಮನಕ್ಕೆ ಬಾರದ ರೋಗಿಗಳಿಂದ. ಜ್ವರ ಬಂದು, ರಕ್ತದ ಕಲ್ಚರ್‌ನಲ್ಲಿ (ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಬ್ಯಾಕ್ಟೀರಿಯಾ ಸಿಕ್ಕವರು ಲ್ಯಾಬ್ ವರದಿಯ ಮೂಲಕ ತಾವಾಗಿಯೇ ಗೊತ್ತಾಗುತ್ತಾರೆ. ಅಂಥ ಒಬ್ಬರ ಹಿಂದೆ, ಅದೇ ಬ್ಯಾಕ್ಟೀರಿಯಾವನ್ನು ಕರುಳಿನಲ್ಲೋ ಮೂಗಿನಲ್ಲೋ ಇಟ್ಟುಕೊಂಡು ಯಾವ ಲಕ್ಷಣವೂ ಇಲ್ಲದೆ ಮಲಗಿರುವ ಹಲವರು ಇರುತ್ತಾರೆ. ಇವರೇ ವಾಹಕರು. ತಪಾಸಣೆ ಇರುವುದು ಇವರನ್ನು ಹುಡುಕುವುದಕ್ಕಾಗಿ.

ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಕ್ಲಿನಿಕಲ್ ಸೆಂಟರ್‌ನಲ್ಲಿ 2011ರಲ್ಲಿ ನಡೆದದ್ದನ್ನು ಸೋಂಕು ನಿಯಂತ್ರಣದ ಕೆಲಸದಲ್ಲಿರುವ ಎಲ್ಲರೂ ತಿಳಿದಿರಬೇಕು. ಕಾರ್ಬಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್‌ಗಳಿಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಇದ್ದ ರೋಗಿಯೊಬ್ಬರು ಅಲ್ಲಿ ದಾಖಲಾದರು. ವಿಷಯ ಮೊದಲೇ ಗೊತ್ತಿದ್ದುದರಿಂದ ಅವರನ್ನು ಪ್ರತ್ಯೇಕವಾಗಿಟ್ಟು ನೋಡಿಕೊಂಡರು. ಅವರು ಬಿಡುಗಡೆಯಾಗಿ ಮೂರು ವಾರ ಕಳೆದ ಮೇಲೆ ಇನ್ನೊಬ್ಬ ರೋಗಿಯಲ್ಲಿ ಅದೇ ಬ್ಯಾಕ್ಟೀರಿಯಾ ಕಾಣಿಸಿತು. ಕೊನೆಗೆ ಸಿಕ್ಕವರು ಒಟ್ಟು 18 ಮಂದಿ; ಅವರಲ್ಲಿ 11 ಮಂದಿ ಸತ್ತರು, ಅದರಲ್ಲಿ 6 ಸಾವುಗಳಿಗೆ ಈ ಸೋಂಕೇ ಕಾರಣ ಎಂದು ನಿರ್ಣಯವಾಯಿತು. ಬ್ಯಾಕ್ಟೀರಿಯಾದ ಜೀನೋಮ್ ಓದಿ ನೋಡಿದಾಗ, ರೋಗಿಗಳು ಪತ್ತೆಯಾದ ಕ್ರಮವೂ ಸೋಂಕು ದಾಟಿದ ಕ್ರಮವೂ ಒಂದೇ ಅಲ್ಲ ಎಂಬುದು ತಿಳಿಯಿತು. ಅಂದರೆ ಅದು ವಾರಗಟ್ಟಲೆ ಸದ್ದಿಲ್ಲದೆ ಒಬ್ಬರಿಂದ ಒಬ್ಬರಿಗೆ ಹೋಗಿತ್ತು.

ಈ ಮಾರ್ಗದರ್ಶಿ ಸೋಂಕು ನಿಯಂತ್ರಣ ತಂಡದವರಿಗೆ, ವಾರ್ಡ್ ನರ್ಸ್‌ಗಳಿಗೆ ಮತ್ತು ತಪಾಸಣೆಯನ್ನು ಹೊಸದಾಗಿ ಆರಂಭಿಸಲಿರುವ ಆಸ್ಪತ್ರೆಗಳಿಗೆ. ನಿಮ್ಮ ದೇಶದ ಅಥವಾ ಸಂಸ್ಥೆಯ ನಿಯಮಾವಳಿ ಇದ್ದರೆ ಅದಕ್ಕೇ ಮೊದಲ ಮನ್ನಣೆ.

ಹಂತ 1: ಸ್ವಾಬ್ (ಮಾದರಿ ತೆಗೆಯುವ ಕಡ್ಡಿ) ಮುಟ್ಟುವ ಮೊದಲು ತೀರ್ಮಾನಿಸಬೇಕಾದದ್ದು

ಮೊದಲ ಪ್ರಶ್ನೆ: ಫಲಿತಾಂಶ ಪಾಸಿಟಿವ್ ಬಂದರೆ ಅದೇ ದಿನ ಆ ಹಾಸಿಗೆಯ ಬಳಿ ಏನು ಬದಲಾಗುತ್ತದೆ? ಇದಕ್ಕೆ ಸ್ಪಷ್ಟ ಉತ್ತರ ಇಲ್ಲದಿದ್ದರೆ ತಪಾಸಣೆ ಆರಂಭಿಸಬೇಡಿ. ಏನೂ ಬದಲಾಗದ ಕಡೆ ಸ್ವಾಬ್ ತೆಗೆಯುವುದೆಂದರೆ ರೋಗಿಗೆ ಮುಜುಗರ, ಲ್ಯಾಬ್‌ಗೆ ಹೊರೆ, ಕಡತಕ್ಕೆ ಇನ್ನೊಂದು ಹಾಳೆ, ಅಷ್ಟೇ. ಪ್ರತ್ಯೇಕ ಕೋಣೆಗಳು ಎಷ್ಟಿವೆ, ಅವು ತುಂಬಿದಾಗ ಯಾರನ್ನು ಎಲ್ಲಿ ಇಡುತ್ತೀರಿ, ರಾತ್ರಿ ಪಾಳಿಯಲ್ಲಿ ವರದಿ ಬಂದರೆ ಯಾರಿಗೆ ಫೋನ್ ಹೋಗಬೇಕು, ಗೌನ್ ಮತ್ತು ಕೈಗವಸುಗಳ ದಾಸ್ತಾನು ಎಷ್ಟು ದಿನಕ್ಕೆ ಸಾಕು ಎಂಬುದನ್ನೆಲ್ಲ ಮೊದಲೇ ಬರೆದಿಡಿ.

ಎರಡನೆಯದಾಗಿ, ಯಾವ ಬ್ಯಾಕ್ಟೀರಿಯಾಕ್ಕಾಗಿ ಹುಡುಕುತ್ತೀರಿ ಎಂಬುದು. ಎಲ್ಲವನ್ನೂ ಎಲ್ಲರಲ್ಲೂ ಹುಡುಕಲು ಹೊರಟ ಆಸ್ಪತ್ರೆ ಯಾವುದನ್ನೂ ಸರಿಯಾಗಿ ಹುಡುಕಲಾರದು. ಸಾಮಾನ್ಯವಾಗಿ ಪಟ್ಟಿಯಲ್ಲಿ ಬರುವವು ಇವು. ಮೊದಲನೆಯದು ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್. ಮೆಥಿಸಿಲಿನ್ ಬಳಕೆಗೆ ಬಂದದ್ದು 1959ರಲ್ಲಿ. 1961ರಲ್ಲೇ ಬ್ರಿಟನ್ನಿನಿಂದ ನಿರೋಧಕ ತಳಿಯ ವರದಿ ಬಂತು. ಇದು ಮೂಗು ಮತ್ತು ಚರ್ಮದಲ್ಲಿ ನೆಲೆಸುತ್ತದೆ. ಎರಡನೆಯದು ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟರೊಕಾಕಸ್, ಅಂದರೆ ವಿಆರ್‌ಇ; ಇದರ ನೆಲೆ ಕರುಳು. ಮೂರನೆಯದು ಸಿಆರ್‌ಇ. ಕ್ಲೆಬ್ಸಿಯೆಲ್ಲಾ, ಈ. ಕೋಲಿ ಮುಂತಾದ ಕರುಳಿನ ಬ್ಯಾಕ್ಟೀರಿಯಾಗಳು ಕಾರ್ಬಪೆನೆಮ್‌ಗೆ ನಿರೋಧ ಪಡೆದ ರೂಪ ಇದು. ಜೊತೆಗೆ ಐಸಿಯುಗಳಲ್ಲಿ ಅಸಿನೆಟೊಬ್ಯಾಕ್ಟರ್ ಮತ್ತು ಸ್ಯೂಡೊಮೊನಾಸ್.

ಒಂದನ್ನೇ ಆರಿಸಬೇಕೆಂದರೆ ನನ್ನ ಆಯ್ಕೆ ಸಿಆರ್‌ಇ. ಇದರ ನಿರೋಧದ ಜೀನ್‌ಗಳು ಹೆಚ್ಚಾಗಿ ಪ್ಲಾಸ್ಮಿಡ್‌ಗಳಲ್ಲಿ, ಅಂದರೆ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ದಾಟಿಸಬಲ್ಲ ಡಿಎನ್‌ಎ ಉಂಗುರಗಳಲ್ಲಿ ಇರುವುದರಿಂದ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೂ ಹಾರುತ್ತವೆ. ಸೋಂಕಾಗಿ ತಿರುಗಿದಾಗ ಕೊಡಬಹುದಾದ ಔಷಧಗಳು ಬೆರಳೆಣಿಕೆಯಷ್ಟು. ವಿಶ್ವ ಆರೋಗ್ಯ ಸಂಸ್ಥೆಯ 2017ರ ಮಾರ್ಗಸೂಚಿಯೂ ಲಕ್ಷಣವಿಲ್ಲದ ಸಿಆರ್‌ಇ ವಾಹಕರನ್ನು ಹುಡುಕಬೇಕೆಂದು ಹೇಳುತ್ತದೆ.

ಹಂತ 2: ಯಾರನ್ನು ತಪಾಸಣೆ ಮಾಡಬೇಕು

ದಾಖಲಾತಿಯ ಹೊತ್ತಿಗೇ ಕೇಳುವ ಪ್ರಶ್ನೆಗಳು ಇದನ್ನು ನಿರ್ಧರಿಸುತ್ತವೆ. ಕಳೆದ 12 ತಿಂಗಳಲ್ಲಿ ಬೇರೆ ಆಸ್ಪತ್ರೆಯಲ್ಲಿ ರಾತ್ರಿ ತಂಗಿದ್ದರೇ? ಬೇರೆ ದೇಶದಲ್ಲಿ ಚಿಕಿತ್ಸೆ ಪಡೆದಿದ್ದರೇ? ಡಯಾಲಿಸಿಸ್ ನಡೆಯುತ್ತಿದೆಯೇ? ವೃದ್ಧಾಶ್ರಮದಿಂದಲೋ ದೀರ್ಘಕಾಲದ ಆರೈಕೆ ಕೇಂದ್ರದಿಂದಲೋ ಬಂದವರೇ? ಹಿಂದೆ ಯಾವಾಗಲಾದರೂ ಇಂಥ ಬ್ಯಾಕ್ಟೀರಿಯಾ ಇದೆ ಎಂದು ಯಾರಾದರೂ ಹೇಳಿದ್ದರೇ? ಒಂದಕ್ಕೆ ಹೌದು ಎಂದರೂ ಸ್ವಾಬ್ ತೆಗೆಯಿರಿ. ನೆದರ್ಲೆಂಡ್ಸ್‌ನಲ್ಲಿ ಹಂದಿ ಸಾಕಣೆ ಕೇಂದ್ರದ ಸಂಪರ್ಕವಿದೆಯೇ ಎಂದೂ ಕೇಳುತ್ತಾರೆ, ಏಕೆಂದರೆ ಅಲ್ಲಿ ಎಂಆರ್‌ಎಸ್‌ಎಯ ಒಂದು ತಳಿ ಜಾನುವಾರುಗಳಿಂದ ಜನರಿಗೆ ಬರುತ್ತದೆ. ಪ್ರಶ್ನಾವಳಿ ಆಯಾ ಊರಿನ ವಾಸ್ತವಕ್ಕೆ ಹೊಂದಬೇಕು ಎನ್ನಲು ಇದು ಒಳ್ಳೆಯ ನಿದರ್ಶನ.

ಉತ್ತರ ಏನೇ ಇದ್ದರೂ ಸ್ವಾಬ್ ತೆಗೆಯಬೇಕಾದ ಘಟಕಗಳೂ ಇವೆ: ಐಸಿಯು, ಅಂಗಾಂಗ ಕಸಿ, ರಕ್ತದ ಕ್ಯಾನ್ಸರ್ ವಾರ್ಡ್, ಸುಟ್ಟಗಾಯಗಳ ವಿಭಾಗ, ನವಜಾತ ಶಿಶುಗಳ ಐಸಿಯು. ಇಲ್ಲಿ ದಾಖಲಾದಾಗ ಒಮ್ಮೆ, ಆಮೇಲೆ ಪ್ರತಿ ವಾರ ನಿಗದಿತ ದಿನದಂದು ತೆಗೆಯುವ ಪದ್ಧತಿ ಒಳ್ಳೆಯದು. ವಾರದ ದಿನ ನಿಗದಿಯಾಗಿದ್ದರೆ ನರ್ಸ್‌ಗಳಿಗೂ ಲ್ಯಾಬ್‌ಗೂ ಅನುಕೂಲ. ಹೃದಯ ಅಥವಾ ಕೀಲು ಬದಲಿಯ ಶಸ್ತ್ರಚಿಕಿತ್ಸೆಗೆ ಬರುವವರಿಗೆ ಸ್ಟ್ಯಾಫಿಲೊಕಾಕಸ್ ಆರಿಯಸ್ ತಪಾಸಣೆಯನ್ನು ದಾಖಲಾತಿಗೆ ಮೊದಲೇ ಮುಗಿಸಿ. ಮುಲಾಮು ಮತ್ತು ಸ್ನಾನದ ಐದು ದಿನಗಳ ಚಿಕಿತ್ಸೆಗೆ (ಹಂತ 6 ನೋಡಿ) ಸಮಯ ಬೇಕಲ್ಲ!

ಆಸ್ಪತ್ರೆಯ ಪ್ರತಿಯೊಬ್ಬ ರೋಗಿಗೂ ತಪಾಸಣೆ ಬೇಕೇ ಎಂಬ ಪ್ರಶ್ನೆ ಸದಾ ಏಳುತ್ತದೆ. ಎಂಆರ್‌ಎಸ್‌ಎ ವಿಷಯದಲ್ಲಿ 2013ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ಯೋಚನೆಗೆ ಹಚ್ಚುತ್ತದೆ. 43 ಆಸ್ಪತ್ರೆಗಳ ಐಸಿಯುಗಳಲ್ಲಿ ಮೂರು ವಿಧಾನಗಳನ್ನು ಹೋಲಿಸಿದರು: ತಪಾಸಣೆ ಮಾಡಿ ಪ್ರತ್ಯೇಕಿಸುವುದು, ತಪಾಸಣೆಯಲ್ಲಿ ಸಿಕ್ಕವರಿಗೆ ಮಾತ್ರ ಬ್ಯಾಕ್ಟೀರಿಯಾ ತೊಲಗಿಸುವ ಚಿಕಿತ್ಸೆ, ತಪಾಸಣೆಯೇ ಇಲ್ಲದೆ ಎಲ್ಲರಿಗೂ ಆ ಚಿಕಿತ್ಸೆ. ಮೂರನೆಯದೇ ಹೆಚ್ಚು ಫಲ ಕೊಟ್ಟಿತು. ಎಲ್ಲ ಬಗೆಯ ರಕ್ತದ ಸೋಂಕುಗಳು ಶೇ 44ರಷ್ಟು ಇಳಿದವು. ಆದ್ದರಿಂದ ಐಸಿಯುನಲ್ಲಿ ಎಂಆರ್‌ಎಸ್‌ಎಗೆ ಸ್ವಾಬ್ ತೆಗೆಯುವುದೇ ಏಕೈಕ ದಾರಿ ಎಂದು ಹಠ ಹಿಡಿಯಬೇಕಿಲ್ಲ. ಆದರೆ ಸಿಆರ್‌ಇ ಕರುಳಿನಲ್ಲಿರುವುದರಿಂದ ಅದಕ್ಕೆ ಇಂಥ ಸುಲಭದ ಚಿಕಿತ್ಸೆ ಇಲ್ಲ, ಹುಡುಕಲೇಬೇಕು.

ಹಂತ 3: ಮಾದರಿ ತೆಗೆಯುವುದು

ಇಡೀ ಕೆಲಸದ ಗುಣಮಟ್ಟ ನಿರ್ಧಾರವಾಗುವುದು ಇಲ್ಲಿ. ಯಂತ್ರ ಎಷ್ಟೇ ಒಳ್ಳೆಯದಿರಲಿ, ಸ್ವಾಬ್‌ನ ತುದಿಗೆ ಅಂಟದೇ ಇದ್ದದ್ದನ್ನು ಅದು ಕಂಡುಹಿಡಿಯಲಾರದು.

ಮೊದಲು ರೋಗಿಗೆ ವಿವರಿಸಿ ಒಪ್ಪಿಗೆ ಕೇಳಿ. "ಕೆಲವರ ಮೈಮೇಲೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇರುತ್ತದೆ. ಅವರಿಗೆ ಅದರಿಂದ ಏನೂ ತೊಂದರೆ ಇರುವುದಿಲ್ಲ. ನಿಮ್ಮಲ್ಲಿ ಇದೆಯೇ ಎಂದು ನೋಡಿದರೆ ನಿಮಗೂ ಪಕ್ಕದವರಿಗೂ ಸುರಕ್ಷಿತ" ಎಂದರೆ ಸಾಕು. ಗುದದ್ವಾರದ ಸ್ವಾಬ್ ಎಂದಾಗ ಬಹಳ ಮಂದಿ ಹಿಂಜರಿಯುತ್ತಾರೆ. ಪರದೆ ಎಳೆಯಿರಿ, ಜೊತೆಗಿರುವವರನ್ನು ಹೊರಗೆ ಕಳುಹಿಸಿ, ಸಾಧ್ಯವಿದ್ದರೆ ರೋಗಿಯ ಲಿಂಗದವರೇ ತೆಗೆಯಲಿ. ತಾವೇ ತೆಗೆದುಕೊಳ್ಳುತ್ತೇನೆ ಎನ್ನುವವರಿಗೆ ವಿಧಾನ ಹೇಳಿಕೊಟ್ಟು ಅವಕಾಶ ಮಾಡಿಕೊಡಿ. ಬೇಡವೆಂದರೆ ಬಲವಂತ ಬೇಡ. ನಿರಾಕರಣೆಯನ್ನು ಕೇಸ್ ಶೀಟ್‌ನಲ್ಲಿ ಬರೆದು, ಅಪಾಯದ ಗುಂಪಿನವರಾಗಿದ್ದರೆ ವಾಹಕರೆಂದೇ ಭಾವಿಸಿ ಮುನ್ನೆಚ್ಚರಿಕೆ ಮುಂದುವರಿಸಿ.

ಎಂಆರ್‌ಎಸ್‌ಎಗೆ: ಸ್ವಾಬ್‌ನ ತುದಿಯನ್ನು ಸ್ಟೆರೈಲ್ ಸಲೈನ್‌ನಲ್ಲಿ ಒದ್ದೆ ಮಾಡಿ. ಮೂಗಿನ ಹೊಳ್ಳೆಯ ಮುಂಭಾಗದಲ್ಲಿ, ಒಳಗೋಡೆಗೆ ತಾಗುವಂತೆ ಐದು ಸುತ್ತು ತಿರುಗಿಸಿ. ಅದೇ ಸ್ವಾಬ್‌ನಿಂದ ಇನ್ನೊಂದು ಹೊಳ್ಳೆಯನ್ನೂ ಮಾಡಿ. ಮೂಗಿನಾಳಕ್ಕೆ ತೂರಿಸುವ ಅಗತ್ಯವಿಲ್ಲ. ಮೂಗೊಂದನ್ನೇ ನೆಚ್ಚಿದರೆ ವಾಹಕರಲ್ಲಿ ಒಂದಷ್ಟು ಮಂದಿ ತಪ್ಪಿಹೋಗುತ್ತಾರೆ, ಹಾಗಾಗಿ ಗಂಟಲು ಮತ್ತು ತೊಡೆಸಂದಿನಿಂದಲೂ ತೆಗೆಯಿರಿ. ಗಾಯ, ಹುಣ್ಣು, ಕ್ಯಾಥೆಟರ್ ಚರ್ಮದೊಳಗೆ ಹೋಗುವ ಜಾಗ ಇದ್ದರೆ ಅವುಗಳಿಗೆ ಪ್ರತ್ಯೇಕ ಸ್ವಾಬ್.

ಸಿಆರ್‌ಇ ಮತ್ತು ವಿಆರ್‌ಇಗೆ: ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ ಮೊಣಕಾಲು ಮಡಿಸಲು ಹೇಳಿ. ವಯಸ್ಕರಲ್ಲಿ ಒದ್ದೆ ಮಾಡಿದ ಸ್ವಾಬನ್ನು ಗುದದ್ವಾರದೊಳಗೆ ಸುಮಾರು ಒಂದರಿಂದ ಎರಡು ಸೆಂಟಿಮೀಟರ್ ಹೋಗಿಸಿ, ನಿಧಾನವಾಗಿ ತಿರುಗಿಸಿ ಹೊರತೆಗೆಯಿರಿ. ಈಗ ಬೆಳಕಿಗೆ ಹಿಡಿದು ತುದಿಯನ್ನು ನೋಡಿ. ಕಂದು ಬಣ್ಣದ ಕಲೆ ಕಣ್ಣಿಗೆ ಕಾಣಬೇಕು. ತುದಿ ಬೆಳ್ಳಗೇ ಇದ್ದರೆ ಅದನ್ನು ಕಳುಹಿಸಬೇಡಿ, ಹೊಸ ಸ್ವಾಬ್‌ನಿಂದ ಮತ್ತೆ ತೆಗೆಯಿರಿ. ಬೆಳ್ಳಗಿನ ಸ್ವಾಬ್‌ನಿಂದ ಬರುವ ನೆಗೆಟಿವ್ ವರದಿ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅದನ್ನು ನಂಬಿ ಎಲ್ಲರೂ ನಿರಾಳರಾಗುತ್ತಾರೆ.

ಬಿಳಿ ರಕ್ತಕಣಗಳು ತೀರಾ ಇಳಿದಿರುವ, ಪ್ಲೇಟ್‌ಲೆಟ್ ಕಡಿಮೆಯಿರುವ ಅಥವಾ ಗುದಭಾಗದಲ್ಲಿ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ ಗುದದ್ವಾರದ ಸ್ವಾಬ್ ಬೇಡ. ಮಲದ ಮಾದರಿ ಸಾಕು. ಕೊಲೊಸ್ಟಮಿ (ಮಲ ಹೊರಹೋಗಲು ಹೊಟ್ಟೆಯ ಮೇಲೆ ಮಾಡಿದ ದ್ವಾರ) ಇದ್ದವರಲ್ಲಿ ಆ ದ್ವಾರದಿಂದ ತೆಗೆಯಬಹುದು. ಅಸಿನೆಟೊಬ್ಯಾಕ್ಟರ್‌ಗೆ ವೆಂಟಿಲೇಟರ್ ರೋಗಿಗಳ ಶ್ವಾಸನಾಳದ ಸ್ರಾವ, ಜೊತೆಗೆ ಚರ್ಮ ಮತ್ತು ಗಾಯದ ಮಾದರಿಗಳು ಬೇಕು.

ಹೆಸರು, ದಾಖಲಾತಿ ಸಂಖ್ಯೆ, ಜಾಗ, ದಿನಾಂಕ, ಸಮಯದ ಲೇಬಲ್ಲನ್ನು ಹಾಸಿಗೆಯ ಪಕ್ಕದಲ್ಲೇ ಹಚ್ಚಿ. ನರ್ಸಿಂಗ್ ಸ್ಟೇಷನ್ನಿಗೆ ಹೋಗಿ ಹಚ್ಚಿದಾಗಲೇ ಅದಲುಬದಲಾಗುವುದು. ಕೋರಿಕೆ ಪತ್ರದಲ್ಲಿ "ತಪಾಸಣೆಗಾಗಿ" ಎಂದು ಎದ್ದು ಕಾಣುವಂತೆ ಬರೆಯಿರಿ, ಇಲ್ಲದಿದ್ದರೆ ಲ್ಯಾಬ್ ಅದನ್ನು ಮಾಮೂಲಿ ಕಲ್ಚರ್ ಎಂದು ಸಂಸ್ಕರಿಸಿಬಿಡುತ್ತದೆ. ಸಾಗಾಟದ ಮಾಧ್ಯಮದಲ್ಲಿಟ್ಟ ಸ್ವಾಬ್ ಅದೇ ದಿನ ಲ್ಯಾಬ್ ಸೇರಲಿ, ತಡವಾಗುವುದಾದರೆ ಫ್ರಿಜ್‌ನಲ್ಲಿಡಿ.

ಹಂತ 4: ಲ್ಯಾಬ್‌ನಲ್ಲಿ

ಎರಡು ದಾರಿಗಳಿವೆ. ಕಲ್ಚರ್ ವಿಧಾನದಲ್ಲಿ ಬಣ್ಣ ಬರುವ ವಿಶೇಷ ಅಗಾರ್ ತಟ್ಟೆಗಳ ಮೇಲೆ ಮಾದರಿ ಹಚ್ಚುತ್ತಾರೆ. ಉತ್ತರಕ್ಕೆ 24ರಿಂದ 48 ಗಂಟೆ. ಖರ್ಚು ಕಡಿಮೆ, ಬ್ಯಾಕ್ಟೀರಿಯಾ ಜೀವಂತವಾಗಿ ಕೈಗೆ ಸಿಗುವುದರಿಂದ ಮುಂದೆ ಯಾವ ಔಷಧ ಕೆಲಸ ಮಾಡುತ್ತದೆ ಎಂದೂ ನೋಡಬಹುದು, ಹರಡುವಿಕೆಯ ತನಿಖೆಗೆ ತಳಿಗಳನ್ನು ಹೋಲಿಸಲೂ ಬಹುದು. ಪಿಸಿಆರ್ ಎಂಬ ಜೀನ್ ಪರೀಕ್ಷೆಯಲ್ಲಿ ಒಂದೆರಡು ಗಂಟೆಯಲ್ಲೇ ಜೀನ್ ಇದೆಯೋ ಇಲ್ಲವೋ ತಿಳಿಯುತ್ತದೆ, ಆದರೆ ಅದು ತಾನು ಹುಡುಕಲು ಸಿದ್ಧವಾಗಿರುವ ಜೀನ್‌ಗಳನ್ನು ಮಾತ್ರ ಹುಡುಕುತ್ತದೆ. ಕೆಪಿಸಿ, ಎನ್‌ಡಿಎಂ, ವಿಐಎಂ, ಐಎಂಪಿ, ಆಕ್ಸಾ-48 ಎಂಬ ಐದು ಸಾಮಾನ್ಯವಾಗಿ ಅದರ ಪಟ್ಟಿಯಲ್ಲಿರುತ್ತವೆ.

ಆಕ್ಸಾ-48 ಬಗ್ಗೆ ವಿಶೇಷ ಎಚ್ಚರ ಬೇಕು. ಇದು ಕಾರ್ಬಪೆನೆಮ್ ಅನ್ನು ದುರ್ಬಲವಾಗಿ ಒಡೆಯುವುದರಿಂದ ಇದನ್ನು ಹೊತ್ತ ಬ್ಯಾಕ್ಟೀರಿಯಾ ಕೆಲವು ತಟ್ಟೆಗಳ ಮೇಲೆ ಬೆಳೆಯದೆ ಕಣ್ತಪ್ಪಿಸಿಕೊಳ್ಳುತ್ತದೆ. ನಿಮ್ಮ ಕಡೆ ಯಾವ ಜೀನ್‌ಗಳು ಹೆಚ್ಚು ಎಂಬುದನ್ನು ಲ್ಯಾಬ್ ಮುಖ್ಯಸ್ಥರೊಡನೆ ಕುಳಿತು ಚರ್ಚಿಸಿಯೇ ವಿಧಾನ ಆರಿಸಿ. ಪಿಸಿಆರ್ ಪಾಸಿಟಿವ್ ಬಂದ ಮಾದರಿಗಳಿಗೆ ಕಲ್ಚರ್ ಕೂಡ ಮಾಡಿಸಿ.

ಹಣ ಕಡಿಮೆಯಿದ್ದರೆ ಐಸಿಯುಗೂ ಹೆಚ್ಚು ಅಪಾಯದ ಗುಂಪಿಗೂ ಪಿಸಿಆರ್, ಉಳಿದವರಿಗೆ ಕಲ್ಚರ್ ಎಂದು ಹಂಚಿಕೊಳ್ಳಬಹುದು. ವರದಿ ಕಂಪ್ಯೂಟರಿನಲ್ಲಿ ಹೋಗಿ ಕುಳಿತುಕೊಂಡರೆ ಸಾಲದು. ಪ್ರತಿ ಪಾಸಿಟಿವ್ ಫಲಿತಾಂಶವನ್ನೂ ಫೋನ್ ಮಾಡಿ ತಿಳಿಸಬೇಕು, ಕೇಳಿಸಿಕೊಂಡವರ ಹೆಸರನ್ನೂ ಸಮಯವನ್ನೂ ಬರೆದಿಡಬೇಕು.

ಹಂತ 5: ಉತ್ತರ ಬರುವವರೆಗೆ

ಕಾಯುವ ಒಂದೆರಡು ದಿನಗಳಲ್ಲೇ ಹರಡುವಿಕೆ ಆಗಿಬಿಡಬಹುದು. ಹೆಚ್ಚು ಅಪಾಯದವರನ್ನು, ಅಂದರೆ ಹಿಂದೆ ಪಾಸಿಟಿವ್ ಆಗಿದ್ದವರು ಮತ್ತು ನಿರೋಧಕ ಬ್ಯಾಕ್ಟೀರಿಯಾ ಹೆಚ್ಚಿರುವ ಆಸ್ಪತ್ರೆಯಿಂದ ನೇರವಾಗಿ ವರ್ಗವಾಗಿ ಬಂದವರನ್ನು, ದಾಖಲಾದ ಕ್ಷಣದಿಂದಲೇ ಪ್ರತ್ಯೇಕ ಕೋಣೆಯಲ್ಲಿಡಿ. ಉಳಿದವರಿಗೆ ಸಾಮಾನ್ಯ ಮುನ್ನೆಚ್ಚರಿಕೆ ಸಾಕು. ಹೆಚ್ಚು ಅಪಾಯದವರಲ್ಲಿ ಮೊದಲ ಸ್ವಾಬ್ ನೆಗೆಟಿವ್ ಬಂದರೆ ಕೂಡಲೇ ಬಾಗಿಲು ತೆರೆಯಬೇಡಿ. ಕರುಳಿನಲ್ಲಿ ಬ್ಯಾಕ್ಟೀರಿಯಾ ಅಲ್ಪ ಪ್ರಮಾಣದಲ್ಲಿದ್ದಾಗ ಒಂದು ಸ್ವಾಬ್‌ಗೆ ಸಿಗದೆ, ಆಂಟಿಬಯೋಟಿಕ್ ಆರಂಭವಾಗಿ ಉಳಿದವು ಸತ್ತ ಮೇಲೆ ಇದೊಂದೇ ಬೆಳೆದು ಮುಂದಿನ ಸ್ವಾಬ್‌ನಲ್ಲಿ ಸಿಗುವುದುಂಟು. 48 ಗಂಟೆಗಳ ಅಂತರದಲ್ಲಿ ಮತ್ತೆ ತೆಗೆದು ನೋಡುವುದು ಜಾಣತನ.

ಹಂತ 6: ಪಾಸಿಟಿವ್ ಬಂದಾಗ

ರೋಗಿಗೆ ಮೊದಲು ಹೇಳಿ, ಅದೂ ಕುಳಿತು, ಸಮಾಧಾನದಿಂದ. ಬಾಗಿಲಿಗೆ ಫಲಕ ಬಿದ್ದು, ಎಲ್ಲರೂ ಗೌನ್ ತೊಟ್ಟು ಬರತೊಡಗಿದ ಮೇಲೆ ವಿಷಯ ತಿಳಿದರೆ ಮನುಷ್ಯ ಕುಗ್ಗಿಹೋಗುತ್ತಾನೆ. "ನಿಮಗೆ ಇದರಿಂದ ಈಗ ಕಾಯಿಲೆ ಇಲ್ಲ. ಇದು ನಿಮ್ಮ ತಪ್ಪೂ ಅಲ್ಲ. ನಿಮ್ಮ ಚಿಕಿತ್ಸೆ ಹೇಗಿತ್ತೋ ಹಾಗೆಯೇ ನಡೆಯುತ್ತದೆ. ಮನೆಯವರು ಬಂದು ನೋಡಬಹುದು, ಕೈ ಸ್ವಚ್ಛ ಮಾಡಿಕೊಂಡರಾಯಿತು." ಈ ಮಾತುಗಳನ್ನು ಪ್ರತಿಯೊಬ್ಬ ನರ್ಸ್‌ಗೂ ಹೇಳಿಕೊಡಿ. ಪ್ರತ್ಯೇಕ ಕೋಣೆಯಲ್ಲಿರುವ ರೋಗಿಗಳ ಬಳಿಗೆ ವೈದ್ಯರು ಕಡಿಮೆ ಸಲ ಹೋಗುತ್ತಾರೆ ಎಂಬುದು ಪದೇ ಪದೇ ಕಂಡುಬಂದಿರುವ ಸಂಗತಿ. ಇದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ. ರೌಂಡ್ಸ್‌ನಲ್ಲಿ ಆ ಕೋಣೆ ತಪ್ಪದಂತೆ ನೋಡಿಕೊಳ್ಳುವುದೂ ಸೋಂಕು ನಿಯಂತ್ರಣ ತಂಡದ ಕೆಲಸ.

ಶೌಚಾಲಯವಿರುವ ಪ್ರತ್ಯೇಕ ಕೋಣೆ ಉತ್ತಮ. ಕೋಣೆಗಳು ಸಾಲದಿದ್ದರೆ ಭೇದಿಯಾಗುತ್ತಿರುವವರು, ಮಲಮೂತ್ರದ ಹಿಡಿತವಿಲ್ಲದವರು, ಗಾಯ ಸೋರುತ್ತಿರುವವರು ಇವರಿಗೆ ಮೊದಲ ಆದ್ಯತೆ. ಒಂದೇ ಬ್ಯಾಕ್ಟೀರಿಯಾ, ಒಂದೇ ನಿರೋಧಕ ಜೀನ್ ಇರುವವರನ್ನು ಒಟ್ಟಿಗೆ ಇಡಬಹುದು. ಎನ್‌ಡಿಎಂ ಇರುವವರ ಪಕ್ಕ ಕೆಪಿಸಿ ಇರುವವರನ್ನು ಇಡಬಾರದು. ಒಳಹೋಗುವ ಮೊದಲು ಗೌನ್, ಕೈಗವಸು. ಹೊರಬರುವ ಮೊದಲು ಎರಡನ್ನೂ ಒಳಗೇ ತೆಗೆದು ಕೈ ಸ್ವಚ್ಛ. ಕೈಗವಸು ಹಾಕಿದ್ದೇನಲ್ಲ ಎಂದು ಕೈ ಉಜ್ಜುವುದನ್ನು ಬಿಟ್ಟರೆ ಎಲ್ಲವೂ ವ್ಯರ್ಥ. ಸಂತೋಷದ ವಿಷಯವೆಂದರೆ, ಔಷಧಕ್ಕೆ ಬಗ್ಗದ ಈ ಬ್ಯಾಕ್ಟೀರಿಯಾಗಳು ಆಲ್ಕೊಹಾಲ್ ಹ್ಯಾಂಡ್‌ರಬ್‌ಗೆ ಚೆನ್ನಾಗಿಯೇ ಬಗ್ಗುತ್ತವೆ. 20ರಿಂದ 30 ಸೆಕೆಂಡು ಸರಿಯಾಗಿ ಉಜ್ಜಿದರೆ ಸಾಕು. ಸ್ಟೆತಸ್ಕೋಪ್, ಬಿಪಿ ಪಟ್ಟಿ, ಥರ್ಮಾಮೀಟರ್, ಬೆಡ್‌ಪ್ಯಾನ್ ಆ ರೋಗಿಗೇ ಮೀಸಲಿರಲಿ.

ವಾಹಕರಿಗೆ ಆಂಟಿಬಯೋಟಿಕ್ ಕೊಡಬೇಡಿ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ "ಪಾಸಿಟಿವ್" ಎಂಬ ಪದ ನೋಡಿದೊಡನೆ ಔಷಧ ಬರೆಯುವ ಕೈಗಳಿವೆ. ಸ್ವಾಬ್‌ನಲ್ಲಿ ಸಿಕ್ಕ ಮಾತ್ರಕ್ಕೆ ಕೊಲಿಸ್ಟಿನ್ ಆರಂಭಿಸಿದರೆ ರೋಗಿಯ ಮೂತ್ರಪಿಂಡಕ್ಕೂ ಪೆಟ್ಟು, ಕೊನೆಯ ಔಷಧಗಳಲ್ಲಿ ಒಂದಕ್ಕೂ ನಿರೋಧ ಬೆಳೆಯಲು ದಾರಿ. ಎಂಆರ್‌ಎಸ್‌ಎ ವಾಹಕರಲ್ಲಿ ಮಾತ್ರ ಮೇಲ್ಮೈ ಚಿಕಿತ್ಸೆಯಿಂದ ಉಪಯೋಗವಿದೆ: ಐದು ದಿನ ಮೂಗಿಗೆ ಶೇ 2ರ ಮ್ಯೂಪಿರೊಸಿನ್ ಮುಲಾಮು, ಜೊತೆಗೆ ಪ್ರತಿದಿನ ಕ್ಲೋರ್‌ಹೆಕ್ಸಿಡಿನ್‌ನಿಂದ ಸ್ನಾನ, ಕಣ್ಣು ಮತ್ತು ಕಿವಿಯೊಳಗೆ ಹೋಗದಂತೆ ಎಚ್ಚರ. ಆ ದಿನಗಳಲ್ಲಿ ಹಾಸಿಗೆ ಬಟ್ಟೆ, ಟವೆಲ್ ದಿನವೂ ಬದಲಾಗಲಿ.

ಆದರೆ ಅದೇ ರೋಗಿಗೆ ನಿಜವಾಗಿಯೂ ಜ್ವರ ಬಂದು ರಕ್ತದೊತ್ತಡ ಕುಸಿದರೆ, ಆಗ ಈ ಫಲಿತಾಂಶ ಜೀವ ಉಳಿಸಬಲ್ಲದು. ಯಾವ ಔಷಧದಿಂದ ಆರಂಭಿಸಬೇಕೆಂಬುದನ್ನು ಕಲ್ಚರ್ ವರದಿಗೆ ಕಾಯದೆ ನಿರ್ಧರಿಸಲು ಇದು ನೆರವಾಗುತ್ತದೆ. ಹಾಗಾಗಿ ಕೇಸ್ ಶೀಟ್‌ನ ಮೊದಲ ಪುಟದಲ್ಲೇ ಗುರುತು ಇರಲಿ.

ಹಂತ 7: ಪಕ್ಕದ ಹಾಸಿಗೆಯವರು

ಅನಿರೀಕ್ಷಿತವಾಗಿ ಒಬ್ಬರು ಸಿಆರ್‌ಇ ಪಾಸಿಟಿವ್ ಆದರೆ ಅವರೊಂದಿಗೆ ಕೋಣೆ, ಶೌಚಾಲಯ, ನರ್ಸ್ ಹಂಚಿಕೊಂಡವರ ಪಟ್ಟಿ ಮಾಡಿ ಎಲ್ಲರಿಂದಲೂ ಸ್ವಾಬ್ ತೆಗೆಯಿರಿ. ಒಮ್ಮೆ ತೆಗೆದು ಬಿಡಬೇಡಿ. ವಾರಕ್ಕೊಮ್ಮೆ ಪುನಃ ತೆಗೆಯುತ್ತ, ಹೊಸಬರು ಸಿಗುವುದು ನಿಲ್ಲುವವರೆಗೆ ಮುಂದುವರಿಸಿ. ಇಬ್ಬರು ಮೂವರು ಸಿಕ್ಕರೆ ಇಡೀ ವಾರ್ಡ್‌ನವರದ್ದನ್ನು ಒಂದೇ ದಿನ ತೆಗೆಯಿರಿ. ಈಗಾಗಲೇ ಮನೆಗೆ ಹೋದವರ ಕಡತಕ್ಕೂ ಗುರುತು ಹಾಕಿ, ಅವರು ಮತ್ತೆ ಬಂದಾಗ ಬಾಗಿಲಲ್ಲೇ ತಿಳಿಯಬೇಕು.

ಸಿಬ್ಬಂದಿಯ ಸ್ವಾಬ್ ತೆಗೆಯಲು ಆತುರ ಬೇಡ. ಸಿಆರ್‌ಇಯಲ್ಲಿ ಅದರಿಂದ ಪ್ರಯೋಜನ ಕಡಿಮೆ, ಮನಸ್ತಾಪ ಹೆಚ್ಚು. ಕೈ ಸ್ವಚ್ಛತೆಯನ್ನು ಗಮನಿಸುವುದೇ ಹೆಚ್ಚು ಫಲಕಾರಿ.

ಇಸ್ರೇಲ್ ಈ ಹಾದಿಯಲ್ಲಿ ಗೆದ್ದು ತೋರಿಸಿದೆ. 2006ರಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ಕಾರ್ಬಪೆನೆಮ್ ನಿರೋಧಕ ಕ್ಲೆಬ್ಸಿಯೆಲ್ಲಾ ವೇಗವಾಗಿ ಹಬ್ಬಿತು. 2007ರ ಮಾರ್ಚ್‌ನಿಂದ ವಾಹಕರನ್ನು ಬೇರ್ಪಡಿಸುವುದು, ಅವರಿಗೇ ಮೀಸಲಾದ ನರ್ಸ್‌ಗಳನ್ನು ನೇಮಿಸುವುದು, ಕೇಂದ್ರ ತಂಡಕ್ಕೆ ವರದಿ ಮಾಡುವುದು ದೇಶಾದ್ಯಂತ ಕಡ್ಡಾಯವಾಯಿತು. ಒಂದು ಲಕ್ಷ ರೋಗಿ ದಿನಗಳಿಗೆ (ಒಬ್ಬ ರೋಗಿ ಆಸ್ಪತ್ರೆಯಲ್ಲಿದ್ದ ಒಂದು ದಿನ ಒಂದು ರೋಗಿ ದಿನ) 55.5 ಇದ್ದ ಮಾಸಿಕ ಪ್ರಕರಣಗಳು 2008ರ ಮೇ ಹೊತ್ತಿಗೆ 11.7ಕ್ಕೆ ಇಳಿದವು. ಮೀಸಲು ನರ್ಸ್‌ಗಳ ವ್ಯವಸ್ಥೆ ದುಬಾರಿ ಎನ್ನುವ ಆಡಳಿತಕ್ಕೆ ಈ ಅಂಕಿಗಳನ್ನು ತೋರಿಸಿ.

ಹಂತ 8: ಸಿಂಕ್, ಕಂಬಿ, ಕಾಲ್‌ಬೆಲ್

ಅಸಿನೆಟೊಬ್ಯಾಕ್ಟರ್ ಒಣ ಮೇಲ್ಮೈಗಳಲ್ಲಿ ವಾರಗಟ್ಟಲೆ ಬದುಕುತ್ತದೆ. ಹಾಸಿಗೆಯ ಕಂಬಿ, ಕಾಲ್‌ಬೆಲ್ ಗುಂಡಿ, ಇನ್‌ಫ್ಯೂಷನ್ ಪಂಪ್, ಬಾಗಿಲ ಹಿಡಿ ಇವನ್ನು ದಿನಕ್ಕೆ ಎರಡು ಬಾರಿಯಾದರೂ ಒರೆಸಬೇಕು. ಮೊದಲು ಕೊಳೆ ತೆಗೆದು, ಆಮೇಲೆ 1000 ಪಿಪಿಎಂ ಹೈಪೊಕ್ಲೋರೈಟ್ ಅಥವಾ ಆಸ್ಪತ್ರೆ ಒಪ್ಪಿದ ಬೇರೆ ದ್ರಾವಣ ಹಚ್ಚಿ, ತಯಾರಕರು ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಇರಲು ಬಿಡಿ. ರೋಗಿ ಬಿಡುಗಡೆಯಾದಾಗ ಪರದೆಗಳೂ ಬದಲಾಗಬೇಕು.

ಸಿಆರ್‌ಇ ವಿಷಯದಲ್ಲಿ ಎಲ್ಲರೂ ಮರೆಯುವ ಜಾಗ ಸಿಂಕ್‌ನ ಕೊಳವೆ. ಬೆಥೆಸ್ಡಾದಲ್ಲೂ ಸಿಂಕ್‌ಗಳ ಚರಂಡಿಯಲ್ಲಿ, ಸ್ವಚ್ಛಗೊಳಿಸಿದ್ದ ಒಂದು ವೆಂಟಿಲೇಟರಿನಲ್ಲಿ ಅದು ಸಿಕ್ಕಿತ್ತು. ಕೈ ತೊಳೆಯುವ ಸಿಂಕ್‌ಗೆ ಮೈ ಒರೆಸಿದ ನೀರು, ಉಳಿದ ಆಹಾರ ದ್ರವ, ಉಳಿದ ಆಂಟಿಬಯೋಟಿಕ್ ಸುರಿಯಬಾರದು. ನಲ್ಲಿಯ ನೀರು ನೇರ ಕೊಳವೆಯ ಬಾಯಿಗೆ ಬಿದ್ದು ಸಿಡಿಯುವಂತಿದ್ದರೆ ಅದನ್ನು ಸರಿಪಡಿಸಲು ಎಂಜಿನಿಯರಿಂಗ್ ವಿಭಾಗಕ್ಕೆ ಹೇಳಿ. ಸಿಂಕ್ ಪಕ್ಕದಲ್ಲಿ ಇಂಜೆಕ್ಷನ್ ತಯಾರಿಸುವ ಟ್ರೇ ಇಡಲೇಬಾರದು.

ಹಂತ 9: ಲೆಕ್ಕ ಮತ್ತು ಡಿಸ್ಚಾರ್ಜ್

ಪ್ರತಿ ತಿಂಗಳು ಕೆಲವೇ ಅಂಕಿಗಳನ್ನು ನೋಡಿ. ಸ್ವಾಬ್ ತೆಗೆಯಬೇಕಿದ್ದವರಲ್ಲಿ ನಿಜವಾಗಿ ತೆಗೆದದ್ದು ಎಷ್ಟು ಮಂದಿಯಿಂದ? ತೆಗೆದ ಹೊತ್ತಿನಿಂದ ವಾರ್ಡ್‌ಗೆ ಫೋನ್ ಬರುವವರೆಗೆ ಎಷ್ಟು ಗಂಟೆ? ಪಾಸಿಟಿವ್ ಆದವರಲ್ಲಿ ಹೊರಗಿನಿಂದ ತಂದವರು ಎಷ್ಟು, ನಮ್ಮಲ್ಲಿ ಪಡೆದವರು ಎಷ್ಟು? ದಾಖಲಾದ 48 ಗಂಟೆಯೊಳಗಿನ ಸ್ವಾಬ್‌ನಲ್ಲಿ ಸಿಕ್ಕರೆ ಹೊರಗಿನಿಂದ ಬಂದದ್ದು, ಆಮೇಲಿನದು ನಮ್ಮಲ್ಲಿ ಬಂದದ್ದು ಎಂದು ಸ್ಥೂಲವಾಗಿ ವಿಂಗಡಿಸುತ್ತಾರೆ. ಕೊನೆಯ ಅಂಕಿಯನ್ನು 1000 ರೋಗಿ ದಿನಗಳಿಗೆ ಲೆಕ್ಕ ಹಾಕಿ, ಆಯಾ ವಾರ್ಡ್‌ನವರ ಮುಂದೆಯೇ ಇಡಿ. ತಪಾಸಣೆ ಆರಂಭಿಸಿದ ಮೊದಲ ತಿಂಗಳುಗಳಲ್ಲಿ ಸಂಖ್ಯೆ ಏರಿದಂತೆ ಕಂಡರೆ ಗಾಬರಿ ಬೇಡ, ಇದ್ದವರೇ ಈಗ ಕಾಣುತ್ತಿದ್ದಾರೆ.

ಕರುಳಿನ ವಾಹಕತ್ವ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಉಳಿಯುತ್ತದೆ. ಎಂಆರ್‌ಎಸ್‌ಎಯಲ್ಲಿ ಚಿಕಿತ್ಸೆಯ ನಂತರ ವಾರದ ಅಂತರದಲ್ಲಿ ಮೂರು ನೆಗೆಟಿವ್ ಸ್ವಾಬ್‌ಗಳು ಬಂದರೆ ಮುನ್ನೆಚ್ಚರಿಕೆ ಸಡಿಲಿಸುವ ಪದ್ಧತಿ ಹಲವೆಡೆ ಇದೆ. ಸಿಆರ್‌ಇಗೆ ಅದೇ ಆಸ್ಪತ್ರೆ ವಾಸದಲ್ಲಿ ಮುನ್ನೆಚ್ಚರಿಕೆ ಕೈಬಿಡದಿರುವುದೇ ಕ್ಷೇಮ.

ವಾಹಕ ಎಂಬ ಕಾರಣಕ್ಕೆ ಯಾರ ಬಿಡುಗಡೆಯೂ ತಡವಾಗಬಾರದು, ಯಾರಿಗೂ ಶಸ್ತ್ರಚಿಕಿತ್ಸೆ, ಸ್ಕ್ಯಾನ್, ಫಿಸಿಯೋಥೆರಪಿ ತಪ್ಪಬಾರದು. ಮನೆಗೆ ಹೋಗುವವರಿಗೆ ಶೌಚದ ನಂತರ ಸೋಪಿನಿಂದ ಕೈ ತೊಳೆಯುವಂತೆ, ಟವೆಲ್ ಬೇರೆ ಇಟ್ಟುಕೊಳ್ಳುವಂತೆ ಹೇಳಿ. ಮಕ್ಕಳನ್ನು ಎತ್ತಿಕೊಳ್ಳಬಹುದು, ಎಲ್ಲರೊಡನೆ ಕುಳಿತು ಊಟ ಮಾಡಬಹುದು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿ. ಬೇರೆ ಆಸ್ಪತ್ರೆಗೆ ಹೋಗುವವರಾದರೆ, ಆಂಬ್ಯುಲೆನ್ಸ್ ಹೊರಡುವ ಮೊದಲೇ ಅಲ್ಲಿನ ವಾರ್ಡ್‌ಗೆ ಫೋನ್ ಮಾಡಿ, ಬ್ಯಾಕ್ಟೀರಿಯಾದ ಹೆಸರು, ಜೀನ್, ಸ್ವಾಬ್ ತೆಗೆದ ದಿನಾಂಕ ಇವಿಷ್ಟನ್ನು ವರ್ಗಾವಣೆ ಪತ್ರದಲ್ಲಿ ಬರೆದು ಕಳುಹಿಸಿ.